‘ರಿಸ್ಕ್ ಫ್ಯಾಕ್ಟರ್’ ಅಂದರೆ ‘ಅಪಾಯಕಾರಿ ಅಂಶ’ವೇ?

ಎಲ್ಲರಿಗೂ ನಮಸ್ಕಾರ.

ಸಕ್ಕರೆ ಕಾಯಿಲೆಯಿಂದ ಕಣ್ಣಿಗಾಗುವ ತೊಂದರೆಗಳ ಬಗ್ಗೆ ಒಂದು ಕರಪತ್ರ ತಿದ್ದುತ್ತಿದ್ದೇನೆ. ತಪಾಸಣಾ ಶಿಬಿರದಲ್ಲಿ ಹಂಚಲಿಕ್ಕೆ. ಅದರಲ್ಲಿ ‘ರಿಸ್ಕ್ ಫ್ಯಾಕ್ಟರ್’ ಬಂದ ಕಡೆಯೆಲ್ಲ ‘ಅಪಾಯಕಾರಿ ಅಂಶ’ ಎಂದು ಹಾಕಿದ್ದಾರೆ. ಪತ್ರಿಕೆಗಳಲ್ಲೂ ಇದೇ ನಡೆಯುತ್ತಿದೆ. ನನಗೆ ಮಾತ್ರ ಒಪ್ಪಿಗೆಯಾಗುತ್ತಿಲ್ಲ.

ಆ ಪಟ್ಟಿಯಲ್ಲಿ ‘ಗರ್ಭಧಾರಣೆ’ಯೂ ಇದೆ. ಮೊದಲೇ ಸಕ್ಕರೆ ಕಾಯಿಲೆ ಇರುವ ಹೆಂಗಸು ಬಸುರಿಯಾದರೆ ಕಣ್ಣಿನ ಪರದೆಯ (ರೆಟಿನಾ) ತೊಂದರೆ ಬೇಗ ಹೆಚ್ಚಬಹುದು. ಅದಕ್ಕೇ ಮೊದಲ ಮೂರು ತಿಂಗಳಲ್ಲೇ ಕಣ್ಣು ತೋರಿಸಿ ಅನ್ನುತ್ತಾರೆ. ವಿಷಯ ಇಷ್ಟೇ. ಆದರೆ ‘ಅಪಾಯಕಾರಿ ಅಂಶ: ಗರ್ಭಧಾರಣೆ’ ಎಂದು ಓದಿದ ಅತ್ತೆ ಸೊಸೆಗೆ ಏನು ಹೇಳಬಹುದು, ಯೋಚಿಸಿ. ಹಾನಿಕಾರಿ, ವಿಷಕಾರಿ ಅನ್ನುವಾಗ ಆ ವಸ್ತುವೇ ಕೇಡು ಮಾಡುತ್ತದೆ ಅಂತ ಅರ್ಥ. ರಿಸ್ಕ್ ಫ್ಯಾಕ್ಟರ್ ಹೇಳುವುದು ಬೇರೆ: ಅದು ಇದ್ದರೆ ತೊಂದರೆ ಬರುವ ಸಾಧ್ಯತೆ ಜಾಸ್ತಿ. ಬಂದೇ ಬರುತ್ತದೆ ಅಂತಲ್ಲ, ಅದೊಂದೇ ಕಾರಣ ಅಂತಲೂ ಅಲ್ಲ.

ಇನ್ನೊಂದು ಗೊಂದಲ ನೋಡಿ. ಪಟ್ಟಿಯಲ್ಲಿ ಮೊದಲು ಬರುವುದು ಕಾಯಿಲೆ ಎಷ್ಟು ಹಳೆಯದು ಅನ್ನುವುದು. 1980ರ ದಶಕದಲ್ಲಿ ಪ್ರಕಟವಾದ ಅಮೆರಿಕದ ವಿಸ್ಕಾನ್ಸಿನ್ ಅಧ್ಯಯನದಲ್ಲಿ, ಕಾಯಿಲೆ ಬಂದು 20 ವರ್ಷ ದಾಟಿದ ಟೈಪ್ 1ನವರಲ್ಲಿ (ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಹೆಚ್ಚುಕಡಿಮೆ ನಿಂತಿರುವವರು) ಹೆಚ್ಚುಕಡಿಮೆ ಎಲ್ಲರಿಗೂ ರೆಟಿನಾದಲ್ಲಿ ಏನಾದರೊಂದು ಬದಲಾವಣೆ ಕಂಡಿತ್ತು. ಸಾಮಾನ್ಯವಾಗಿ ದೊಡ್ಡವರಾದ ಮೇಲೆ ಬರುವ ಟೈಪ್ 2ರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ. ವರ್ಷ ಉರುಳುವುದನ್ನು ಯಾರೂ ತಡೆಯಲಾರರು. ಆದರೆ ಸಕ್ಕರೆಯ ಮಟ್ಟ, ಬಿಪಿ, ಕೊಲೆಸ್ಟರಾಲ್, ಬೀಡಿ ಸಿಗರೇಟು? ಇವು ನಮ್ಮ ಹಿಡಿತಕ್ಕೆ ಸಿಗುವಂಥವು. 1993ರಲ್ಲಿ ಬಂದ ಡಿಸಿಸಿಟಿ ಎಂಬ ಸಕ್ಕರೆ ಕಾಯಿಲೆಯ ಅಧ್ಯಯನದಲ್ಲಿ, ಕಣ್ಣು ಇನ್ನೂ ಚೆನ್ನಾಗಿದ್ದ ಟೈಪ್ 1ನವರು ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟಾಗ ರೆಟಿನೋಪತಿ (ಸಕ್ಕರೆ ಕಾಯಿಲೆಯಿಂದ ರೆಟಿನಾಕ್ಕಾಗುವ ಹಾನಿ) ಶುರುವಾಗುವ ಸಾಧ್ಯತೆ ಶೇ. 76ರಷ್ಟು ಇಳಿಯಿತು. ‘ಅಪಾಯಕಾರಿ’ ಎಂಬ ಒಂದೇ ಹಣೆಪಟ್ಟಿ ಹಚ್ಚಿದರೆ ಈ ಎರಡು ಬಗೆಯ ವ್ಯತ್ಯಾಸವೇ ಕಾಣುವುದಿಲ್ಲ, ಅಲ್ವಾ?

ಸದ್ಯಕ್ಕೆ ತಲೆಬರಹವನ್ನು ‘ಯಾರು ಜಾಸ್ತಿ ಹುಷಾರಾಗಿರಬೇಕು?’ ಎಂದು ಬದಲಾಯಿಸಿದ್ದೇನೆ. ಒಳಗೆ ‘ಬಿಪಿ ಜಾಸ್ತಿ ಇದ್ದರೆ ಕಣ್ಣಿಗೆ ತೊಂದರೆಯ ಸಂಭವವೂ ಜಾಸ್ತಿ’ ಎಂದು ವಾಕ್ಯದಲ್ಲೇ ಹೇಳಿಬಿಟ್ಟರೆ ಪಾರಿಭಾಷಿಕ ಪದ ಬೇಕೇ ಆಗುವುದಿಲ್ಲ. ಕೋಷ್ಟಕದಲ್ಲಿ ಮಾತ್ರ ಒಂದು ನಾಮಪದ ಬೇಕು. ‘ಅಪಾಯ ಹೆಚ್ಚಿಸುವ ಸಂಗತಿ’ ಉದ್ದವಾಯಿತು. ಚಿಕ್ಕದು ಹೊಳೆದರೆ ತಿಳಿಸಿ.

ಜೊತೆಗೇ ಇನ್ನೊಂದು. ರೆಟಿನಾಕ್ಕೆ ‘ಅಕ್ಷಿಪಟಲ’ ಬೇಡ ಅನಿಸಿ ‘ಕಣ್ಣಿನ ಒಳಪರದೆ’ ಎಂದು ಬರೆದಿದ್ದೇನೆ. ಆದರೆ ‘ಪರದೆ’ ಅಂದ ಕೂಡಲೇ ಕೆಲವರು ‘ಪೊರೆ’ ಅಂದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಪೊರೆಯೂ ಬೇಗ ಬರುವುದರಿಂದ ಗೊಂದಲ ದುಪ್ಪಟ್ಟು. ಪೊರೆಯಾದರೆ ತೆಗೆಸಿ ಲೆನ್ಸ್ ಹಾಕಿಸಿದರೆ ನೋಟ ಸಾಮಾನ್ಯವಾಗಿ ಮರಳುತ್ತದೆ. ಒಳಪರದೆಯದು ಹಾಗಲ್ಲ. ಲೇಸರ್ ಮಾಡಿಸುವುದೇ ಮುಖ್ಯವಾಗಿ ಇದ್ದ ನೋಟ ಉಳಿಸಿಕೊಳ್ಳಲಿಕ್ಕೆ. ಅಲ್ಲದೆ ಶುರುವಿನಲ್ಲಿ ನೋವೂ ಇಲ್ಲ, ಮಂಜೂ ಇಲ್ಲ. ‘ಪೊರೆ ಬಲಿಯಲಿ, ಆಮೇಲೆ ನೋಡೋಣ’ ಅಂತ ಸುಮ್ನೆ ಕೂತರೆ ಕಷ್ಟ.

ಉತ್ತರ ಕರ್ನಾಟಕದ ಕಡೆ, ಕರಾವಳಿಯ ಕಡೆ ರೆಟಿನಾಕ್ಕೆ ಜನ ಏನಂತಾರೆ? ಆಸ್ಪತ್ರೆಯಲ್ಲಿ ಕಿವಿಗೆ ಬಿದ್ದ ಮಾತಿದ್ದರೆ ಬರೆಯಿರಿ. ನಿಘಂಟಿನ ಪದಗಳು ನನ್ನ ಹತ್ತಿರವೂ ಇವೆ.