ಐದನೇ ಪುಸ್ತಕದಲ್ಲಿ ಕಾಲು ಹೂತಿದೆ: ಓದಲೇ, ಹಾರಿಸಲೇ, ಇಲ್ಲಿಗೇ ಬಿಡಲೇ?

ಅರ್ಧಕ್ಕೆ ನಿಂತವಳು
ಡಯಾನಾ ಗ್ಯಾಬಲ್ಡನ್ ಅವರ ಔಟ್‌ಲ್ಯಾಂಡರ್ ಸರಣಿ. ಇಪ್ಪತ್ತನೇ ಶತಮಾನದಿಂದ ಹದಿನೆಂಟಕ್ಕೆ ಜಾರಿದ ಕ್ಲೇರ್, ಅಲ್ಲಿ ಸಿಕ್ಕಿದ ಸ್ಕಾಟ್ ಗಂಡ ಜೇಮಿ, ಇವರ ಕಥೆ. ಮೊದಲ ನಾಲ್ಕು ಪುಸ್ತಕ ನಿದ್ದೆಗೆಟ್ಟು ಮುಗಿಸಿದೆ. ಐದನೆಯದು, ‘ದಿ ಫೈರಿ ಕ್ರಾಸ್’, ಪುಟ 120ಕ್ಕೆ ಬಂದಿದ್ದೇನೆ. ಮೊದಲ ಪುಟದಲ್ಲಿ ಬೆಳಗಾಗಿದ್ದು ಇನ್ನೂ ಸಂಜೆಯಾಗಿಲ್ಲ. ಅದೇ ಬೆಟ್ಟ, ಅದೇ ಮಳೆ, ಅದೇ ಕೂಸಿನ ಒದ್ದೆ ಬಟ್ಟೆ. ನೀವೆಲ್ಲ ಹೇಗೆ ದಾಟಿದಿರಿ? ಇದನ್ನು ಬಿಟ್ಟು ನೇರ ಆರನೆಯದಕ್ಕೆ ಹೋದರೆ ಏನು ಕೈತಪ್ಪುತ್ತದೆ? ಮುಂದಿನ ಕಥೆ ಮಾತ್ರ ದಯವಿಟ್ಟು ಹೇಳಬೇಡಿ.

ನಿಧಾನವೇ ಸರಿ
ಈ ದೂರು ಪುಸ್ತಕ ಬಂದ 2001ರಿಂದಲೂ ಇದೆ. ಪೂರ್ತಿ ಓದಿದವರಲ್ಲಿ ನಾನೊಬ್ಬಳು, ಒಂದು ಸಾಲೂ ಬಿಟ್ಟಿಲ್ಲ.

ಮೊದಲು ನಿಮ್ಮದು ಯಾವ ಪ್ರತಿ ನೋಡಿಕೊಳ್ಳಿ. ಗಟ್ಟಿ ರಟ್ಟಿನದು ಹತ್ತಿರ ಹತ್ತಿರ 980 ಪುಟ, ಸಣ್ಣ ಅಳತೆಯ ಪೇಪರ್‌ಬ್ಯಾಕ್ 1,400 ದಾಟುತ್ತದೆ. ಗಟ್ಟಿ ರಟ್ಟಿನದರಲ್ಲೇ ಆ ಒಂದು ದಿನ 150 ಪುಟಕ್ಕಿಂತ ಹೆಚ್ಚು ನುಂಗುತ್ತದೆ. ಸಣ್ಣ ಪ್ರತಿಯ 120 ಅಂದರೆ ನಿಮಗಿನ್ನೂ ಮಧ್ಯಾಹ್ನವೂ ಸರಿಯಾಗಿ ಆಗಿಲ್ಲ ಅಂತ ಲೆಕ್ಕ. ನಾನು ಓದಿದ್ದು ಗಟ್ಟಿ ರಟ್ಟಿನದು. ಗಂಟೆಗೆ 30 ಪುಟದ ಹಾಗೆ ಸುಮಾರು 33 ಗಂಟೆ ಹಿಡಿಯಿತು.

ಆ ದಿನ ವ್ಯರ್ಥವಲ್ಲ. 1770ರ ಅಕ್ಟೋಬರ್ ಕೊನೆ, ಅಮೆರಿಕದ ಉತ್ತರ ಕೆರೊಲಿನಾಕ್ಕೆ ವಲಸೆ ಬಂದ ಸ್ಕಾಟರೆಲ್ಲ ಒಂದೆಡೆ ಸೇರಿದ್ದಾರೆ. ಲೆಫ್ಟಿನೆಂಟ್ ಹೇಯ್ಸ್ ಒಂದು ಘೋಷಣೆ ಓದುತ್ತಾನೆ. ಹಿಲ್ಸ್‌ಬರೋದಲ್ಲಿ ದಂಗೆ ಎದ್ದವರು ಶರಣಾಗಬೇಕು ಎನ್ನುವುದು ಅದು. ಪುಸ್ತಕದ ಬೆನ್ನುಮೂಳೆ ಅಲ್ಲಿದೆ. ದಂಗೆ ಅಡಗಿಸಲು ಅಲ್ಲಿನ ಬ್ರಿಟಿಷ್ ಗವರ್ನರ್ ಟ್ರಯನ್ ಜೇಮಿಗೆ ಪಡೆ ಕಟ್ಟು ಅನ್ನುತ್ತಾನೆ, ಜೇಮಿ ಒಲ್ಲೆ ಅನ್ನಲಾರ. ಯಾಕೆಂದರೆ ನಾಲ್ಕನೇ ಪುಸ್ತಕದಲ್ಲಿ ಸಿಕ್ಕಿದ ಹತ್ತು ಸಾವಿರ ಎಕರೆ ಪ್ರಾಟೆಸ್ಟಂಟರಿಗೆ ಮಾತ್ರ ಕೊಡುವ ಭೂಮಿ, ಜೇಮಿ ಕ್ಯಾಥೊಲಿಕ್, ಆ ಜುಟ್ಟು ಟ್ರಯನ್ ಕೈಯಲ್ಲಿದೆ. ಇದನ್ನು ಮರೆತು ಓದಿದರೆ ಜೇಮಿ ಸುಮ್ಮನೆ ತಲೆಯಾಡಿಸುವ ಮನುಷ್ಯನಂತೆ ಕಾಣುತ್ತಾನೆ.

ಒಂದು ಹಾಳೆಯಲ್ಲಿ ಹೆಸರು ಬರೆದುಕೊಳ್ಳುತ್ತಾ ಹೋಗಿ: ಯಾರು, ಯಾರ ಕಡೆಯವನು, ಜೇಮಿಗೆ ಏನಾಗಬೇಕು. ಸೆರೆಮನೆಯ ಕಾಲದಿಂದ ಬಂದವರನ್ನು ಬೇರೆ ಸಾಲಿಗೆ ಹಾಕಿ.

ಕತ್ತರಿ
33 ಗಂಟೆ, ಜೊತೆಗೆ ಹೆಸರಿನ ಹಾಳೆ! ಇದು ಪ್ರೇಮ ಕಾದಂಬರಿಯೋ, ಜನಗಣತಿಯೋ?

ನಾನು ಹಾರಿಸಿ ಓದಿದವನು, ನಾಚಿಕೆ ಇಲ್ಲ. ಮೊದಲ ದಿನದಲ್ಲಿ ಘೋಷಣೆ, ಗವರ್ನರ್ ಕಾಗದ, ಕತ್ತಲಾದ ಮೇಲಿನ ಮದುವೆ, ಇಷ್ಟು ಓದಿದೆ. ಮಧ್ಯದ್ದೆಲ್ಲ ಪ್ಯಾರಾದ ಮೊದಲ ಸಾಲು ನೋಡಿ ಮಗುಚಿದೆ. ಜೇಮಿಯ ಚಿಕ್ಕಮ್ಮ ಜೊಕಾಸ್ಟಾಳ ಮದುವೆಯೂ ಹೀಗೇ ಉದ್ದಾನುದ್ದ ದಿನ, ಅಲ್ಲೂ ಹಾಗೇ ಮಾಡಿದೆ. ಎರಡೂ ಸೇರಿ 200 ಪುಟದ ಮೇಲೆ ಉಳಿಯಿತು.

ಎಲ್ಲಿ ಎಡವಿದೆ ಅಂತಲೂ ಹೇಳುತ್ತೇನೆ. ಜೋಸಾಯ ಬಿಯರ್ಡ್ಸ್‌ಲೀ ಅನ್ನುವ ಹುಡುಗ, ಕ್ಲೇರ್ ಅವನ ಗಂಟಲಿನ ಗಡ್ಡೆ ನೋಡುವುದು ಮೊದಲ ದಿನದಲ್ಲೇ. ನಾನದನ್ನು ಮಗುಚಿದ್ದೆ. ಪಡೆ ಹೊರಟ ಮೇಲೆ ಬಿಯರ್ಡ್ಸ್‌ಲೀ ಮನೆಯ ಪ್ರಕರಣ ಬಂತು. ಆ ಮನೆಗೆ ಜೇಮಿ ಯಾಕೆ ಹೋದ ಅಂತಲೇ ತಿಳಿಯದೆ ಹಿಂದಕ್ಕೆ ಬಂದು ಹುಡುಕಬೇಕಾಯಿತು. ಉಳಿಸಿದ ಹೊತ್ತಿನಲ್ಲಿ ಒಂದೂವರೆ ಗಂಟೆ ಅಲ್ಲೇ ಹೋಯಿತು. ಆದ್ದರಿಂದ ಹಾರಿಸುವವರಿಗೆ ನನ್ನ ನಿಯಮ: ಕ್ಲೇರ್ ರೋಗಿ ನೋಡುವ ಪುಟ ಹಾರಿಸಬೇಡಿ, ರೋಗಿಯಾಗಿ ಬಂದವರು ಆಮೇಲೆ ಕಥೆಯಾಗಿ ಬರುತ್ತಾರೆ. ಹಾಲು, ಬಟ್ಟೆ, ಕೂಸಿನ ರಗಳೆ ಇರುವ ಪುಟಗಳನ್ನು ಧಾರಾಳವಾಗಿ ಹಾರಿಸಿ.

ನಿಧಾನವೇ ಸರಿ
ಕೂಸಿನ ಪುಟಗಳೇ ಆ ಪುಸ್ತಕದ ಮುಖ್ಯ ಪ್ರಶ್ನೆ ಸ್ವಾಮಿ. ಜೇಮಿಯ ಮೊಮ್ಮಗ ಜೆಮ್ಮಿಯ ಅಪ್ಪ ಅಳಿಯ ರಾಜರ್ರೋ ಕಡಲ್ಗಳ್ಳ ಬಾನೆಟ್ಟೋ ಅನ್ನುವ ಮುಳ್ಳು ಆ ಮನೆಯಲ್ಲಿ ಯಾವಾಗಲೂ ಚುಚ್ಚುತ್ತಿರುತ್ತದೆ. ಗಂಡಸರಿಗೆ ಒದ್ದೆ ಬಟ್ಟೆ ಕಂಡರೆ ಪುಟ ಮಗುಚುವ ಚಟ, ಪುಸ್ತಕದಲ್ಲಾದರೂ ಸರಿ.

ಕತ್ತರಿ
ಪ್ರಶ್ನೆ ಕೇಳಿದ ಮೇಡಂಗೇ ಒದ್ದೆ ಬಟ್ಟೆ ಸಾಕಾಗಿದೆ, ಮೇಲೆ ನೋಡಿ. ಗಂಡಸು ಹೆಂಗಸು ಅಂತ ಎಳೆಯಬೇಡಿ.

ಕಿವಿ ಓದುಗ
ನಾ ಇದನ್ನ ಕಿವೀಲೇ ಮುಗಿಸೀನ್ರಿ. ಡವೀನಾ ಪೋರ್ಟರ್ ಓದಿದ್ದು, ಪೂರಾ ಪಾಠ, ಸುಮಾರು 55 ತಾಸು. ವೇಗ 1.25 ಇಟ್ರ 44 ತಾಸು, 1.5 ಇಟ್ರ 37ಕ್ಕ ಸ್ವಲ್ಪ ಕಡಿಮಿ. ಆದ್ರ 1.5 ಇಡಬ್ಯಾಡ್ರಿ. ಸ್ಕಾಟಿಷ್ ಮಾತು, ನಡುನಡುವ ಗೇಲಿಕ್, ಎಲ್ಲಾ ಕಲಸಿ ಯಾರು ಮಾತಾಡ್ಲಿಕ್ಹತ್ಯಾರ ಅನ್ನೂದ ಗೊತ್ತಾಗಂಗಿಲ್ಲ. 1.2ರ ಮ್ಯಾಲ ಹೋಗಬ್ಯಾಡ್ರಿ.

ಮೊದಲನೇ ದಿನ ಕಣ್ಣಿಗೆ ಭಾರ, ಕಿವಿಗೆ ಹಗುರ. ಮಳಿ, ಬೆಂಕಿ, ಮಂದಿ ಗದ್ದಲ, ಅದೊಂದು ಜಾತ್ರಿ ಕೇಳಿದಂಗ. ತೊಂದ್ರಿ ಎಲ್ಲಿ ಅಂದ್ರ, ಹಿಂದ ಹೋಗಿ ಹುಡುಕೂದು. ಹೆಸರು ಕೇಳಿರ್ತೀವಿ, ಬರೆಯೂದು ಗೊತ್ತಿರಂಗಿಲ್ಲ. ‘ಲೀರಿ’ ಅಂತ ಕೇಳಿದ್ದು ಪುಸ್ತಕದಾಗ ಲಾ ಓ ಘ ಅಂತ ಸುರು ಆಗ್ತದ, ಹೆಂಗ ಹುಡುಕಬೇಕ್ರಿ? ಇನ್ನೊಂದು, ಕಡಿತಗೊಳಿಸಿದ ಆವೃತ್ತಿ ಸಿಕ್ರ ಮುಟ್ಟಬ್ಯಾಡ್ರಿ. ನಿಮ್ಮ ಕತ್ತರಿ ಅಣ್ಣಾರ ಕತ್ತರಿಯಾದ್ರೂ ನಿಮ್ಮ ಕೈಯಾಗಿರ್ತದ, ಅದ್ರಾಗ ಬ್ಯಾರೆಯವರ ಕೈಯಾಗಿರ್ತದ.

ಮೂರಕ್ಕೆ ಮುಕ್ತಾಯ
ಕೇಳಿದ್ದನ್ನು ಓದಿದೆ ಅನ್ನಬೇಡಿ, ಮೊದಲ ಮಾತು.

ಎರಡನೆಯದು, ಈ ಸರಣಿಯ ಪ್ರೇಮಕಥೆ ಮೂರನೇ ಪುಸ್ತಕದಲ್ಲೇ ಮುಗಿದಿದೆ. ಇಪ್ಪತ್ತು ವರ್ಷದ ಅಗಲಿಕೆ, ಎಡಿನ್‌ಬರೋದ ಮುದ್ರಣಾಲಯದಲ್ಲಿ ಭೇಟಿ. ಅದಾದ ಮೇಲೆ ಇನ್ನೇನು ಬೇಕು? ನಾಲ್ಕನೆಯದು 1996ರಲ್ಲಿ ಬಂತು, ಐದನೆಯದು 2001ರಲ್ಲಿ. ಅಷ್ಟು ವರ್ಷ ಕಾದವರಿಗೆ ಕೈಗೆ ಬಂದದ್ದು ಮುಗಿಯದ ಒಂದು ಬೆಳಗು. ಈಗ ಶುರು ಮಾಡಿದವರು ಮುಂದಿನದನ್ನು ಮರುದಿನವೇ ಎತ್ತಿಕೊಳ್ಳಬಹುದು, ಆದ್ದರಿಂದ ‘ನಿಧಾನ ಚೆಂದ’ ಅನ್ನುತ್ತಾರೆ. ನಾನು ಐದನೆಯದನ್ನು ಅಲಮಾನ್ಸ್ ಕದನದವರೆಗೆ ಓದಿ ಇಟ್ಟವನು, ತಿರುಗಿ ತೆಗೆದಿಲ್ಲ. ಕಥೆಯ ವೇಗ ಇಲ್ಲದ್ದು ನನ್ನ ತಕರಾರಲ್ಲ. ಇಬ್ಬರ ನಡುವೆ ತಡೆಯೇ ಉಳಿದಿಲ್ಲ. ತಡೆ ಇಲ್ಲದ ಪ್ರೇಮಕ್ಕೆ ಹೊರಗಿನಿಂದ ಹಾವು, ಕಾಡುಕೋಣ, ಗವರ್ನರ್ ಅಂತ ತಂದು ತುಂಬಿಸಬೇಕಾಗುತ್ತದೆ.

ನಿಧಾನವೇ ಸರಿ
ಮುಗಿಸದೆ ಇಟ್ಟವರ ತೀರ್ಪು ಎಷ್ಟು ಗಟ್ಟಿ! ಇದು ಪ್ರೇಮ ಕಾದಂಬರಿಯಲ್ಲ ಅಂತ ಲೇಖಕಿಯೇ ಹೇಳುತ್ತಾ ಬಂದಿದ್ದಾರೆ.

ಮೂರಕ್ಕೆ ಮುಕ್ತಾಯ
ಅಲ್ಲದಿದ್ದರೆ ಮೊದಲ ಪುಸ್ತಕಕ್ಕೆ 1991ರ ಅತ್ಯುತ್ತಮ ಪ್ರೇಮ ಕಾದಂಬರಿ ಅಂತ ರೀಟಾ ಪ್ರಶಸ್ತಿ ಯಾಕೆ ಬಂತು? ಪ್ರಶಸ್ತಿಗೆ ಪ್ರೇಮಕಥೆ, ದೂರು ಬಂದರೆ ಐತಿಹಾಸಿಕ ಕಾದಂಬರಿ.

ನಿಧಾನವೇ ಸರಿ
ತಡೆ ಇಲ್ಲವಂತೆ! ಜೇಮಿಗೆ ಐವತ್ತು ತುಂಬುವ ಬೆಳಗು ಓದಿದ್ದೀರಾ? 1771ರ ಮೇ 1, ದಂಡಿನ ಬಿಡಾರ. ಇನ್ನೂ ಬದುಕಿದ್ದೇನೆ, ಕೈಕಾಲು ಎಲ್ಲ ಇದೆಯೇ ಅಂತ ಎಣಿಸಿಕೊಳ್ಳುವ ಪುಟ. ಕದನಕ್ಕೆ ಹದಿನೈದೇ ದಿನ ಬಾಕಿ. ವಯಸ್ಸೇ ಅಲ್ಲಿ ತಡೆ. ಇಪ್ಪತ್ತೆರಡರ ಜೇಮಿ ಬೇಕಾದವರು ಮೊದಲ ಪುಸ್ತಕವನ್ನೇ ಮತ್ತೆ ಮತ್ತೆ ಓದಿಕೊಂಡಿರಲಿ. ಐವತ್ತು ದಾಟಿದ ಹೆಂಗಸನ್ನು ಗಂಡ ಹೀಗೆ ನೋಡುವ ಪ್ರೇಮಕಥೆ ಎಷ್ಟಿವೆ, ಬೆರಳು ಮಡಚಿ ಹೇಳಿ.

ಪರದೆ ಸಾಕು
ಅಷ್ಟು ಒದ್ದಾಟ ಯಾಕೆ? ಧಾರಾವಾಹಿಯ ಐದನೇ ಸೀಸನ್ 2020ರಲ್ಲಿ ಬಂದಿದೆ, 12 ಕಂತು, ಸುಮಾರು 12 ಗಂಟೆ. ನೋಡಿ ಆರನೇ ಪುಸ್ತಕ ತೆಗೆಯಿರಿ. ರಾಜರ್‌ನನ್ನು ನೇಣಿಗೆ ಹಾಕುವ ಕಂತು ಪುಸ್ತಕಕ್ಕಿಂತ ಚೆನ್ನಾಗಿದೆ, ಮೂಕಿ ಚಿತ್ರದ ಹಾಗೆ ತೆಗೆದಿದ್ದಾರೆ.

ಕತ್ತರಿ
ಏನ್ರೀ! ಮುಂದಿನ ಕಥೆ ಹೇಳಬೇಡಿ ಅಂತ ಕೈಮುಗಿದು ಕೇಳಿದ್ದಾರೆ. ಇಡೀ ಪುಸ್ತಕದ ಅತಿ ದೊಡ್ಡ ಏಟನ್ನೇ ತಂದು ಸುರಿದಿರಲ್ಲ!

ಪರದೆ ಸಾಕು
20 ವರ್ಷದ ಮೇಲಾಯಿತು ಪುಸ್ತಕ ಬಂದು. ಇಲ್ಲಿ ಹಾವು, ಕಾಡುಕೋಣ ಎಲ್ಲ ಹೇಳಿದವರನ್ನು ಯಾರೂ ಕೇಳಲಿಲ್ಲ. ಸತ್ತ ಅಂತಲೂ ನಾನು ಹೇಳಿಲ್ಲ.

ಕಿವಿ ಓದುಗ
ಸತ್ತ ಅಂತ ಹೇಳಿಲ್ಲ ಅಂದ್ರ ಉಳದಾನ ಅಂತ ಹೇಳಿದಂಗ ಆತಲ್ರೀ. ಎರಡೂ ಕೆಡಿಸಿದ್ರಿ.

ನಿಧಾನವೇ ಸರಿ
ಪರದೆಯ ಸಲಹೆ ಯಾರೂ ಕೇಳಬೇಡಿ, ಕಾರಣ ಸಿಟ್ಟಲ್ಲ. ಧಾರಾವಾಹಿ ಪುಸ್ತಕದ ದಾರಿ ಬಿಟ್ಟಿದೆ. ಪುಸ್ತಕದಲ್ಲಿ ಜೇಮಿಯ ಧರ್ಮಪಿತ ಮರ್ಟಾಗ್ 1746ರ ಕಲೋಡನ್ ಕದನದಲ್ಲೇ ಸತ್ತವನು. ಪರದೆಯಲ್ಲಿ ಅವನು ಬದುಕಿ, ಐದನೇ ಸೀಸನ್ನಿನಲ್ಲಿ ದಂಗೆ ಎದ್ದ ರೆಗ್ಯುಲೇಟರ್‌ಗಳ ಮುಂದಾಳು. ಹಾಗಾಗಿ ಆ ಸೀಸನ್ನಿನ ಅರ್ಧ ಭಾವನೆ ಪುಸ್ತಕದಲ್ಲಿ ಇಲ್ಲದ ಸಂಬಂಧದ ಮೇಲೆ ನಿಂತಿದೆ. ಇನ್ನೂ ಕೆಟ್ಟದ್ದು, ಕೊನೆಯ ಕಂತುಗಳಲ್ಲಿ ಆರನೇ ಪುಸ್ತಕದ ಘಟನೆಗಳನ್ನು ಮುಂಚೆಯೇ ತಂದಿದ್ದಾರೆ. ಐದನ್ನು ಪರದೆಯಲ್ಲಿ ಮುಗಿಸಿ ಆರಕ್ಕೆ ಹೋದರೆ ಐದರ ಕೊನೆಯೂ ಸಿಗಲಿಲ್ಲ, ಆರರ ಏಟೂ ಉಳಿಯಲಿಲ್ಲ.

ಆರಕ್ಕೆ ಬೇಕಾದ ಒಂದು ವಿಷಯ, ಕಥೆ ಬಿಚ್ಚದೆ ಹೇಳುತ್ತೇನೆ: ನಾಲ್ಕನೆಯದರಲ್ಲಿ ಕ್ಲೇರ್‌ಗೆ ಸಿಕ್ಕಿದ ತಲೆಬುರುಡೆ, ಹಲ್ಲಿಗೆ ಬೆಳ್ಳಿ ತುಂಬಿಸಿದ್ದು, ನೆನಪಿದೆಯಲ್ಲ? ಆ ಮನುಷ್ಯನ ದಿನಚರಿ ಐದರ ಕೊನೆಯ ಭಾಗದಲ್ಲಿದೆ. ಅದನ್ನು ಓದದೆ ಆರಕ್ಕೆ ಹೋದರೆ ಒಬ್ಬನು ಯಾರು, ಯಾಕೆ ಬಂದ ಎಂಬುದು ಹಿಡಿಯುವುದಿಲ್ಲ. ಅಲಮಾನ್ಸ್ ಸುತ್ತ ಬರುವ ಬಕ್ಲೂ ಮೆಕೆಂಜಿ ದಂಪತಿಯನ್ನೂ ಬಿಡಬೇಡಿ. ಅವರ ಲೆಕ್ಕ ಏಳು, ಎಂಟರಲ್ಲಿ ಚುಕ್ತಾ ಆಗುತ್ತದೆ.

ಇತಿಹಾಸದವ
ಪುಸ್ತಕ ಬೇಸರ ಅನ್ನುವವರಿಗೆ ರೆಗ್ಯುಲೇಟರ್‌ಗಳು ಯಾರು ಅಂತ ಗೊತ್ತಿರುವುದಿಲ್ಲ, ಅದೇ ಸಮಸ್ಯೆ. ಉತ್ತರ ಕೆರೊಲಿನಾದ ಒಳನಾಡಿನ ರೈತರು ಅವರು. ಅಧಿಕಾರಿಗಳು ಕಾನೂನು ಮೀರಿ ಶುಲ್ಕ ಕೀಳುತ್ತಿದ್ದರು. ಮೇಲಿಂದ ಟ್ರಯನ್ನನ ನ್ಯೂ ಬರ್ನ್ ಅರಮನೆಗೆ ತೆರಿಗೆ. 1770ರ ಸೆಪ್ಟೆಂಬರಿನಲ್ಲಿ ಹಿಲ್ಸ್‌ಬರೋ ನ್ಯಾಯಾಲಯಕ್ಕೆ ನುಗ್ಗಿದರು, ಎಡ್ಮಂಡ್ ಫ್ಯಾನಿಂಗ್ ಎಂಬ ಅಧಿಕಾರಿಯ ಮನೆ ಕೆಡವಿದರು. ಆ ಘೋಷಣೆ ಇದರದ್ದೇ. 1771ರ ಮೇ 16, ಅಲಮಾನ್ಸ್: ರೈತರ ಕಡೆ ಸುಮಾರು 2,000 ಜನ, ಟ್ರಯನ್ ಕಡೆ ಸುಮಾರು 1,000, ಆದರೆ ಫಿರಂಗಿ ಟ್ರಯನ್ ಕಡೆ. ಸುಮಾರು ಎರಡು ಗಂಟೆಯಲ್ಲಿ ಮುಗಿಯಿತು. ಜೂನ್ 19ಕ್ಕೆ ಆರು ಜನರಿಗೆ ನೇಣು. ಇಷ್ಟು ತಿಳಿದು ಓದಿ, ಬೇಸರವಾಗುವುದಿಲ್ಲ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಮೊದಲ ಕದನ ಅದು.

ಮೂರಕ್ಕೆ ಮುಕ್ತಾಯ
ಇಷ್ಟು ತಿಳಿದೇ ಓದಿದೆ, ಬೇಸರವಾಯಿತು. ‘ಮೊದಲ ಕದನ’ ಅನ್ನುವುದು ಕಲ್ಲಿನ ಮೇಲೆ ಕೆತ್ತಿಸಲಿಕ್ಕೆ ಚೆಂದ. ಅವರ ಜಗಳ ಸ್ಥಳೀಯ ಅಧಿಕಾರಿಗಳ ಜೊತೆ, ರಾಜನ ಜೊತೆಯಲ್ಲ. ಟ್ರಯನ್ ಕಡೆ ನಿಂತು ಹೋರಾಡಿದ ರಿಚರ್ಡ್ ಕ್ಯಾಸ್ವೆಲ್ ಆಮೇಲೆ ಸ್ವತಂತ್ರ ಉತ್ತರ ಕೆರೊಲಿನಾದ ಮೊದಲ ಗವರ್ನರ್. ಲೆಕ್ಕ ಹೇಗೆ ಕೂಡುತ್ತದೆ?

ಇತಿಹಾಸದವ
ಒಬ್ಬ ಕ್ಯಾಸ್ವೆಲ್ ಪಕ್ಷ ಬದಲಿಸಿದರೆ ರೈತರ ಸಿಟ್ಟು ಸುಳ್ಳಾಗುತ್ತದೆಯೇ?

ಮೂರಕ್ಕೆ ಮುಕ್ತಾಯ
ಸಿಟ್ಟು ಸುಳ್ಳು ಅಂದವರಾರು? ಹೆಸರು ತಪ್ಪು ಅಂದೆ.

ಕತ್ತರಿ
ಕದನವೇ ಎರಡು ಗಂಟೆ, ನಿಮ್ಮ ಜಗಳ ಮುಗಿಯುವ ಹಾಗಿಲ್ಲ. ಮೇಡಂ, ಇದ್ದೀರಾ?

ಅರ್ಧಕ್ಕೆ ನಿಂತವಳು
ಇದ್ದೇನೆ. ರಾಜರ್ ವಿಷಯ ಓದಿ ಅರ್ಧ ಗಂಟೆ ಪುಸ್ತಕ ಮುಟ್ಟಲಿಲ್ಲ, ಆಮೇಲೆ ಅದೇ ಕಾರಣಕ್ಕೆ ಮತ್ತೆ ತೆಗೆದೆ. ನನ್ನದು ಸಣ್ಣ ಪೇಪರ್‌ಬ್ಯಾಕೇ. ಗಂಟಲು ಗಡ್ಡೆಯ ಹುಡುಗನನ್ನು ಹಿಂದಕ್ಕೆ ಹೋಗಿ ಸರಿಯಾಗಿ ಓದಿದೆ. ಈಗ ಪುಟ 143. ಇನ್ನೂ ಸಂಜೆಯಾಗಿಲ್ಲ.

ಕಿವಿ ಓದುಗ
ಹೆಸರಿನ ಹಾಳಿ ಮಾಡೀರೇನ್ರಿ?

ಅರ್ಧಕ್ಕೆ ನಿಂತವಳು
ಎರಡನೇ ಹಾಳೆ ನಡೀತಿದೆ.