ಪದಚರ್ಚೆ: ‘ಆರ್ಥಿಕ ಮಾದರಿ’ ಎಂಬಲ್ಲಿನ ‘ಮಾದರಿ’ಗೆ ಬದಲಿ ಪದ ಬೇಕಾಗಿದೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇಂಗ್ಲಿಷಿನ ‘ಎಕನಾಮಿಕ್ ಮಾಡೆಲ್’ಗೆ ಕನ್ನಡದಲ್ಲಿ ‘ಆರ್ಥಿಕ ಮಾದರಿ’ ಎಂಬುದು ರೂಢಿಯಾಗಿಬಿಟ್ಟಿದೆ. ವಿರಾಜಪೇಟೆಯಲ್ಲಿ ಕುಳಿತು ಬೆಳೆಗಾರರಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಕಾಫಿ, ಕರಿಮೆಣಸಿನ ಬೆಲೆ ಏಕೆ ಏರಿಳಿಯುತ್ತದೆ, ಆರೋಗ್ಯ ವಿಮೆ ಬಂದ ಮೇಲೆ ಆಸ್ಪತ್ರೆಯ ಬಳಕೆ ಹೇಗೆ ಬದಲಾಗುತ್ತದೆ, ಹಲವು ದೇಶಗಳು ಸೇರಿ ಕಟ್ಟಿಕೊಂಡ ಸಂಸ್ಥೆಗಳು ಏಕೆ ಒಡೆಯುತ್ತವೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಕಟ್ಟಿ ನೋಡುವ ಬಗೆಯೇ ಅದರ ವಿಷಯ. ಬರೆಯುತ್ತ ಹೋದಂತೆ ‘ಮಾದರಿ’ ಎಂಬ ಪದ ಅರ್ಥವನ್ನು ಬೇರೆಲ್ಲಿಗೋ ಎಳೆದೊಯ್ಯುತ್ತಿದೆ. ಇಲ್ಲಿನ ಓದುಗರಲ್ಲಿ ಅನೇಕರ ಮನೆಮಾತು ಕೊಡವ, ಅರೆಭಾಷೆ, ತುಳು ಅಥವಾ ಮಲಯಾಳ. ಅವರಿಗೆ ಕನ್ನಡ ಶಾಲೆ, ಕಚೇರಿ ಮತ್ತು ಪತ್ರಿಕೆಯ ಭಾಷೆ. ಪತ್ರಿಕೆಯಲ್ಲಿ ಒಂದು ಪದಕ್ಕೆ ಯಾವ ಅರ್ಥವಿದೆಯೋ ಆ ಅರ್ಥದಲ್ಲಿಯೇ ಅವರು ಅದನ್ನು ಓದುತ್ತಾರೆ.

ಪತ್ರಿಕೆಯಲ್ಲಿ ‘ಮಾದರಿ’ ಎಂದರೆ ಮೊದಲನೆಯದಾಗಿ ಮೆಚ್ಚಿಗೆ. ಮಾದರಿ ಶಾಲೆ, ಮಾದರಿ ಗ್ರಾಮ, ಮಾದರಿ ರೈತ, ‘ಇತರರಿಗೆ ಮಾದರಿಯಾದ ಯುವಕ’. ‘ಕೇರಳ ಮಾದರಿ’ ಎಂದರೆ ನಾವೂ ಹಾಗೆ ಮಾಡಬೇಕು ಎಂದು ಯಾರೋ ಹೇಳುತ್ತಿದ್ದಾರೆ ಎಂದರ್ಥ. ಅರ್ಥಶಾಸ್ತ್ರದ ಮಾಡೆಲ್‌ನಲ್ಲಿ ಈ ಮೆಚ್ಚಿಗೆಯ ಸುಳಿವೇ ಇಲ್ಲ. ನೂರಾರು ಕಾರಣಗಳಲ್ಲಿ ನಾಲ್ಕೈದನ್ನು ಮಾತ್ರ ಇಟ್ಟುಕೊಂಡು, ಇವು ಹೀಗಿದ್ದರೆ ಬೆಲೆ ಹೀಗಾದೀತು ಎಂದು ಕಟ್ಟುವ ಲೆಕ್ಕ ಅದು. ಅನುಸರಿಸಬೇಕಾದದ್ದು ಅದರಲ್ಲಿ ಏನೂ ಇರುವುದಿಲ್ಲ. ‘ಕಾಫಿ ಬೆಲೆಯ ಆರ್ಥಿಕ ಮಾದರಿ’ ಎಂಬ ಅಧ್ಯಾಯದ ತಲೆಬರಹ ಕಂಡ ನೆರೆಯ ಬೆಳೆಗಾರರೊಬ್ಬರು, ಯಾವ ದೇಶದ ಮಾದರಿ, ಅದನ್ನು ನಮ್ಮಲ್ಲಿ ಯಾವಾಗ ತರುತ್ತಾರೆ ಎಂದು ಕೇಳಿದರು. ಪದ ಹೇಳಿದ್ದನ್ನೇ ಅವರು ಕೇಳಿಸಿಕೊಂಡಿದ್ದರು.

ಎರಡನೆಯ ಅರ್ಥ ನಮ್ಮ ಜಿಲ್ಲೆಯಲ್ಲಿ ಇನ್ನೂ ಹತ್ತಿರದ್ದು. ರೊಬಸ್ಟಾ ತಳಿಯ ಕಾಫಿಯ ಚೆರ್ರಿ, ಅಂದರೆ ಸಿಪ್ಪೆಸಹಿತ ಒಣಗಿಸಿದ ಹಣ್ಣು, ಮಾರುವಾಗ ವ್ಯಾಪಾರಿ ಹಲವು ಚೀಲಗಳಿಂದ ಒಂದೊಂದು ಹಿಡಿ ತೆಗೆದು ಕಲಸುತ್ತಾನೆ. ಅದರಲ್ಲಿ ಸ್ವಲ್ಪವನ್ನು ತೂಗಿ ಸಣ್ಣ ಹಲ್ಲರ್‌ಗೆ ಹಾಕಿ, ಸಿಪ್ಪೆ ಊದಿ, ಉಳಿದ ಬೀಜವನ್ನು ಮತ್ತೆ ತೂಗುತ್ತಾನೆ. 50 ಕಿಲೋ ಚೆರ್ರಿಗೆ ಎಷ್ಟು ಕಿಲೋ ಬೀಜ ಬೀಳುತ್ತದೆ ಎಂಬ ಈ ಲೆಕ್ಕವೇ ಔಟ್‌ಟರ್ನ್. ಅದು 26 ಬಂದರೆ ಒಂದು ದರ, 28 ಬಂದರೆ ಇನ್ನೊಂದು. ಆ ಹಿಡಿಕಾಫಿಗೆ ಆಡುಮಾತಿನಲ್ಲಿ ‘ಸ್ಯಾಂಪಲ್’, ಮುದ್ರಿತ ಕನ್ನಡದಲ್ಲಿ ‘ಮಾದರಿ’. ಮಣ್ಣಿನ ಮಾದರಿ, ರಕ್ತದ ಮಾದರಿ ಎನ್ನುವ ಹಾಗೆಯೇ ಕಾಫಿಯ ಮಾದರಿ. ಹೀಗಾಗಿ ‘ಕಾಫಿಯ ಮಾದರಿಯಿಂದ ಬೆಲೆ ತಿಳಿಯಬಹುದು’ ಎಂಬ ನನ್ನ ವಾಕ್ಯ ಇಲ್ಲಿನವರಿಗೆ ಸಂಪೂರ್ಣ ಸರಿ, ಆದರೆ ಬೇರೆಯೇ ಅರ್ಥದಲ್ಲಿ. ಇನ್ನು ಬಗೆ, ರೀತಿ ಎಂಬ ಮೂರನೆಯ ಅರ್ಥವೂ ಇದೆ. ತಮಿಳು, ತೆಲುಗು, ಮಲಯಾಳಗಳ ‘ಮಾದಿರಿ’ಯಲ್ಲಿಯೂ ಇದು ಬಲವಾಗಿದೆ. ಅದರಿಂದ ತೊಂದರೆಯಿಲ್ಲ.

ನಾನು ವಿವರಿಸಬೇಕಾದ ವಸ್ತು ಇಂಥದ್ದು. ಇನ್ನೊಂದು ತಳಿಯಾದ ಅರೇಬಿಕಾದ ಬೆಲೆ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದೂ ರೊಬಸ್ಟಾದ ಬೆಲೆ ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದೂ ನಿಗದಿಯಾಗುತ್ತದೆ. ಅದು ರೂಪಾಯಿಗೆ ತಿರುಗಿ, ಔಟ್‌ಟರ್ನ್‌ನಲ್ಲಿ ಸೋಸಿ, ಇಲ್ಲಿ 50 ಕಿಲೋ ಚೀಲದ ದರವಾಗುತ್ತದೆ. 1975ರ ಜುಲೈಯಲ್ಲಿ ಬ್ರೆಜಿಲಿನ ಪರಾನಾದ ಕಾಫಿ ತೋಟಗಳು ಹಿಮಕ್ಕೆ ಸುಟ್ಟುಹೋದವು. ಬೆಲೆ ತುದಿ ಮುಟ್ಟಿದ್ದು 1977ರಲ್ಲಿ. ಅರೇಬಿಕಾದ ಆ ದಾಖಲೆ ಮುರಿಯಲು 2024ರ ಡಿಸೆಂಬರ್ ಬರಬೇಕಾಯಿತು. ಬೆಲೆ ಏರಿದಾಗ ನೆಟ್ಟ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಎಲ್ಲರೂ ಒಟ್ಟಿಗೆ ನೆಟ್ಟಿದ್ದು ಒಟ್ಟಿಗೆ ಫಸಲಿಗೆ ಬಂದಾಗ ಬೆಲೆ ಕುಸಿಯುತ್ತದೆ. ಕರಿಮೆಣಸಿನಲ್ಲಿ ಇದನ್ನು ನಾವೇ ಕಂಡೆವು. 2015ರ ಸುಮಾರಿಗೆ ಕಿಲೋಗೆ 600 ರೂಪಾಯಿ ದಾಟಿದ್ದದ್ದು, ವಿಯೆಟ್ನಾಮಿನ ಹೊಸ ಬಳ್ಳಿಗಳ ಫಸಲು ಜಗತ್ತಿನ ಮಾರುಕಟ್ಟೆ ತುಂಬಿದ ಮೇಲೆ 2019ರ ಹೊತ್ತಿಗೆ 400ರ ಕೆಳಗೆ ಬಂತು. ನಡುವೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ವಿಧಿಸಿದ್ದರೂ ಒಳಗಿನ ದರ ಅಲ್ಲಿ ನಿಲ್ಲಲಿಲ್ಲ. ತಡವಾಗಿ ಬರುವ ಫಸಲಿನ ಈ ಸುತ್ತನ್ನು ಲೆಕ್ಕದಲ್ಲಿ ಹಿಡಿದದ್ದಕ್ಕೆ 1934ರಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ‘ಕಾಬ್‌ವೆಬ್’ ಎಂದು ಹೆಸರಿಟ್ಟರು. ಬೆಲೆ ಮತ್ತು ಫಸಲಿನ ಗೆರೆಗಳು ನಕ್ಷೆಯಲ್ಲಿ ಜೇಡರ ಬಲೆಯಂತೆ ಸುತ್ತುತ್ತವೆ ಎಂಬುದಷ್ಟೇ ಕಾರಣ. ಕನ್ನಡದಲ್ಲಿ ‘ಬಲೆ’ ಎಂದರೆ ಯಾರೋ ಬೀಸಿದ್ದು. ‘ಜೇಡರ ಬಲೆ ಮಾದರಿ’ ಎಂದು ಬರೆದರೆ ವ್ಯಾಪಾರಿಗಳ ಕುತಂತ್ರವನ್ನು ವಿವರಿಸಿದಂತೆ ಕಾಣುತ್ತದೆ. ಆ ಲೆಕ್ಕದಲ್ಲಿ ಕುತಂತ್ರಿಗಳೇ ಇಲ್ಲ. ಎಲ್ಲರೂ ತಮ್ಮ ಪಾಡಿಗೆ ಒಳ್ಳೆಯದನ್ನೇ ಎಣಿಸಿ ನೆಟ್ಟವರು.

ಬದಲಿ ಪದಗಳನ್ನು ತೂಗಿ ನೋಡಿದ್ದೇನೆ. ‘ನಮೂನೆ’ ಆಗದು. ನಮೂನೆ 57 ಎಂದ ಕೂಡಲೇ ಬಗರ್‌ಹುಕುಂ ಅರ್ಜಿ ಕಣ್ಮುಂದೆ ಬರುತ್ತದೆ. ‘ಪ್ರತಿಕೃತಿ’ಯ ಹಿಂದೆ ‘ದಹನ’ ಅಂಟಿಕೊಂಡಿದೆ. ‘ಪ್ರತಿಮಾನ’ ಗಂಭೀರವಾಗಿದೆ, ಆದರೆ ವಿಮರ್ಶೆಯ ಲೇಖನಗಳಲ್ಲಿ ಅದಕ್ಕೆ ಅಳತೆಗೋಲು ಎಂಬ ಅರ್ಥ ನಿಂತಿದೆ. ‘ಪ್ರತಿರೂಪ’ ಹತ್ತಿರ ಬರುತ್ತದೆಯಾದರೂ ಇದ್ದದ್ದು ಇದ್ದ ಹಾಗೆ ಎಂಬ ಭಾವ ಕೊಡುತ್ತದೆ, ಬಹುಪಾಲನ್ನು ಬೇಕೆಂದೇ ಬಿಟ್ಟಿದ್ದೇವೆ ಎಂಬುದು ಅದರಲ್ಲಿ ಕಾಣುವುದಿಲ್ಲ. ‘ಲೆಕ್ಕಾಚಾರ’ ಎಲ್ಲರ ಬಾಯಲ್ಲಿರುವ ಸೊಗಸಾದ ಪದ. ಆದರೆ ಪತ್ರಿಕೆಗಳು ಅದನ್ನು ಚುನಾವಣೆಗೆ ಒಪ್ಪಿಸಿಬಿಟ್ಟಿವೆ, ಯಾರದೋ ಒಳಉದ್ದೇಶದ ವಾಸನೆ ಅದಕ್ಕೆ ಹತ್ತಿದೆ. ‘ಅಂದಾಜು’ ನಮ್ಮಲ್ಲಿ ಬೇರೊಂದು ಕೆಲಸಕ್ಕೆ ಮೀಸಲು. ಹೂಮಳೆ ಬಿದ್ದು ಹೂ ಅರಳಿದ ಮೇಲೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಕಾಫಿ ಮಂಡಳಿ ಹೊರಡಿಸುವ ಫಸಲಿನ ಅಂಕಿಯೇ ಅಂದಾಜು. ಅದು ಮಾಡೆಲ್‌ಗೆ ಒಳಹೋಗುವ ಅಂಕಿ, ಮಾಡೆಲ್ ಅಲ್ಲ.

ಸದ್ಯಕ್ಕೆ ನನ್ನ ಕರಡಿನಲ್ಲಿ ಇರುವುದು ‘ಲೆಕ್ಕರೂಪ’. ಬೆಲೆಯ ಲೆಕ್ಕರೂಪ, ವಿಮೆಯ ಲೆಕ್ಕರೂಪ. ಕ್ರಿಯಾಪದಕ್ಕೆ ‘ಲೆಕ್ಕರೂಪ ಕಟ್ಟು’. ‘ಮಾದರೀಕರಣ’ ಎಂಬ ಪದವನ್ನು ಓದುಗರ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಅರಿಸಮಾಸವೆಂದು ಆಕ್ಷೇಪ ಬಂದರೆ ‘ಲೆಕ್ಕದ ರೂಪು’ ಎಂದು ಬಿಡಿಸಿ ಬರೆಯಲು ಸಿದ್ಧನಿದ್ದೇನೆ.

ಎರಡನೆಯ ತೊಡಕು ಇದಕ್ಕಿಂತ ಗಂಭೀರ. ‘ಮಾದರಿ’ ಇಲ್ಲದ ಹೊಗಳಿಕೆಯನ್ನು ತಂದರೆ, ಆರೋಗ್ಯದ ಅಧ್ಯಾಯದಲ್ಲಿ ‘ಮಾರಲ್ ಹ್ಯಾಜರ್ಡ್’ಗೆ (ವಿಮೆ ಇದೆಯೆಂದು ಜನರ ನಡೆ ಬದಲಾಗುವುದಕ್ಕೆ) ನಾವು ಬಳಸುವ ‘ನೈತಿಕ ಅಪಾಯ’ ಇಲ್ಲದ ದೂರನ್ನು ತರುತ್ತದೆ. 19ನೆಯ ಶತಮಾನದ ವಿಮಾ ವ್ಯವಹಾರದಲ್ಲಿ ಹುಟ್ಟಿದ ಮಾತು ಅದು. ವಿಮೆ ಮಾಡಿಸಿದವನು ತಾನೇ ಗೋದಾಮಿಗೆ ಬೆಂಕಿ ಇಟ್ಟಾನು ಎಂಬ ಅನುಮಾನದ ಕಾಲದ್ದು. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿ ವೈದ್ಯಕೀಯ ಸೇವೆಯ ಅರ್ಥಶಾಸ್ತ್ರದ ಕುರಿತು ಬರೆದ ಪ್ರಬಂಧದಿಂದ ಅದು ಆರೋಗ್ಯ ವಿಮೆಯ ಚರ್ಚೆಯ ನಡುವಿಗೆ ಬಂತು. 1968ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮಾರ್ಕ್ ಪಾಲಿ, ಕೈಯಿಂದ ಕೊಡಬೇಕಾದ ಹಣ ಕಡಿಮೆಯಾದಾಗ ಜನ ಹೆಚ್ಚು ಚಿಕಿತ್ಸೆ ಪಡೆಯುವುದರಲ್ಲಿ ನೀತಿಗೇಡು ಏನೂ ಇಲ್ಲ, ಅದು ಬೆಲೆಗೆ ತಕ್ಕ ಸಹಜ ನಡೆ ಎಂದು ವಾದಿಸಿದರು. ಇಂಗ್ಲಿಷಿನಲ್ಲಿ ಹಳೆಯ ಹೆಸರು ಉಳಿದು ಅರ್ಥ ತೊಳೆದುಹೋಗಿದೆ. ಕನ್ನಡಕ್ಕೆ ನಾವು ತಂದದ್ದು ತೊಳೆಯದ ಹೆಸರನ್ನು.

ಇಲ್ಲಿನ ಉದಾಹರಣೆಯನ್ನೇ ನೋಡಿ. ಹೃದಯದ ಅಥವಾ ಮಿದುಳಿನ ಶಸ್ತ್ರಚಿಕಿತ್ಸೆ ಎಂದರೆ ಕೊಡಗಿನವರು ಹೆಚ್ಚಾಗಿ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ಲೈನ್‌ಮನೆಯಲ್ಲಿರುವ ತೋಟದ ಕಾರ್ಮಿಕ ಮಹಿಳೆ ವರ್ಷಗಳಿಂದ ಮುಂದೂಡಿದ ಗರ್ಭಕೋಶದ ಶಸ್ತ್ರಚಿಕಿತ್ಸೆಯನ್ನು ವಿಮಾ ಕಾರ್ಡ್ ಬಂದ ವರ್ಷ ಮಾಡಿಸಿಕೊಳ್ಳುತ್ತಾಳೆ. ಲೆಕ್ಕದಲ್ಲಿ ಇದು ‘ವಿಮೆಯಿಂದ ಹೆಚ್ಚಿದ ಬಳಕೆ’. ಇದನ್ನು ನಾನು ‘ನೈತಿಕ ಅಪಾಯ’ ಎಂಬ ತಲೆಬರಹದ ಕೆಳಗೆ ಬರೆಯಲಾರೆ. ಅಮೆರಿಕದ ರಾಂಡ್ ಸಂಸ್ಥೆ 1974ರಿಂದ 1982ರವರೆಗೆ ನಡೆಸಿದ ದೊಡ್ಡ ಪ್ರಯೋಗ ಇದೇ ಪ್ರಶ್ನೆಯದು. ರೋಗಿ ಕೊಡುವ ಬೆಲೆ ಶೇಕಡ 10 ಏರಿದರೆ ಬಳಕೆ ಸುಮಾರು ಶೇಕಡ 2 ಇಳಿಯುತ್ತದೆ ಎಂದು ಅದರಿಂದ ತಿಳಿಯಿತು. ಜನ ಬಿಟ್ಟದ್ದು ಅನಗತ್ಯ ಚಿಕಿತ್ಸೆಯನ್ನು ಮಾತ್ರವಲ್ಲ, ಅಗತ್ಯವಾದದ್ದನ್ನೂ ಹೆಚ್ಚುಕಡಿಮೆ ಅಷ್ಟೇ ಬಿಟ್ಟರು. ರಕ್ತದೊತ್ತಡವಿದ್ದ ಬಡವರಿಗೆ ಉಚಿತ ಚಿಕಿತ್ಸೆಯಿಂದ ಗುಣ ಕಂಡಿತು. ಹೀಗಿರುವಾಗ ‘ನೈತಿಕ’ ಎಂಬ ವಿಶೇಷಣ ಯಾರಿಗೆ ಸಲ್ಲಬೇಕು?

‘ವಿಮಾಪ್ರೇರಿತ ಬಳಕೆ’ ಎಂದು ಬರೆದಿದ್ದೇನೆ, ಒಣಗಿದಂತಿದೆ. ‘ಹೊರೆ ತಗ್ಗಿದ ನಡೆ’ ಎಂಬುದು ನನಗೆ ಹೆಚ್ಚು ಹಿಡಿಸಿದೆ. ಬೆಳೆ ವಿಮೆ, ಬ್ಯಾಂಕ್ ಸಾಲದ ಸಂದರ್ಭಕ್ಕೂ ಅದು ಒದಗುತ್ತದೆ. ಇದರ ಜೋಡಿ ಪದವಾದ ‘ಪ್ರತಿಕೂಲ ಆಯ್ಕೆ’ ಅಷ್ಟು ಕೆಡುಕಿನದಲ್ಲ. ಕಾಯಿಲೆ ಇರುವವರೇ ವಿಮೆಗೆ ಬಂದು ಸೇರುವುದು ಎಂದು ಒಂದು ವಾಕ್ಯ ಸೇರಿಸಿದರೆ ಸಾಕು. 2003ರಲ್ಲಿ ವರ್ಷಕ್ಕೆ 60 ರೂಪಾಯಿಯ ವಂತಿಗೆಯಿಂದ ಆರಂಭವಾದ ಕರ್ನಾಟಕದ ಯಶಸ್ವಿನಿ ಆರೋಗ್ಯ ಯೋಜನೆ ಸಹಕಾರ ಸಂಘಗಳ ಸದಸ್ಯರನ್ನು ಆಧಾರವಾಗಿಟ್ಟುಕೊಂಡಿತು. ಕಾಯಿಲೆಗಾಗಿ ಅಲ್ಲ, ಗೊಬ್ಬರ ಸಾಲಕ್ಕಾಗಿ ಸಂಘ ಸೇರಿದವರು ಅವರು. ಈ ಉದಾಹರಣೆ ಇಲ್ಲಿನವರಿಗೆ ತಟ್ಟನೆ ಹೊಳೆಯುತ್ತದೆ.

ಇದೇ ಜಾಗದಲ್ಲಿ ‘ಎಲಾಸ್ಟಿಸಿಟಿ’ಗೆ ಬಳಸುವ ‘ಸ್ಥಿತಿಸ್ಥಾಪಕತ್ವ’ದ ಬಗ್ಗೆಯೂ ಕೇಳಬೇಕು. ಎಳೆದು ಬಿಟ್ಟ ರಬ್ಬರು ಮೊದಲಿನ ಸ್ಥಿತಿಗೆ ಮರಳುವುದು ಭೌತಶಾಸ್ತ್ರದಲ್ಲಿ ಆ ಪದದ ತಿರುಳು. ಬೇಡಿಕೆಯ ವಿಷಯದಲ್ಲಿ ಬೇಕಾದದ್ದು ಬೆಲೆ ಬದಲಾದರೆ ಬೇಡಿಕೆ ಎಷ್ಟು ಸರಿಯುತ್ತದೆ ಎಂಬುದು. ಮರಳುವ ಮಾತೇ ಇಲ್ಲ. ‘ಸ್ಪಂದನ ಪ್ರಮಾಣ’ ಎಂದರೆ ಸಾಲದೇ? ಪಿಯುಸಿಯಲ್ಲಿ ಕಲಿತವರು ಗೊಂದಲಗೊಂಡಾರು ಎಂಬ ಅಳುಕು ಮಾತ್ರ ಇದೆ.

ಮೂರನೆಯ ಅಧ್ಯಾಯ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ್ದು. 1962ರ ಒಪ್ಪಂದದಂತೆ ರಫ್ತು ದೇಶಗಳಿಗೆ ಕೋಟಾ ಹಂಚಿ ಬೆಲೆಯನ್ನು ಹಿಡಿದಿಟ್ಟರು. 1989ರ ಜುಲೈಯಲ್ಲಿ ಆ ಕೋಟಾ ವ್ಯವಸ್ಥೆ ಕುಸಿದುಬಿತ್ತು, ಬೆಲೆಯೂ ಕುಸಿಯಿತು. ಕೋಟಾ ಇಲ್ಲದೇ ಹೋಗಿದ್ದರೆ ಆ ವರ್ಷಗಳ ಬೆಲೆ ಎಷ್ಟಿರುತ್ತಿತ್ತು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಕಟ್ಟಿದ್ದಾರೆ. ನಡೆಯದೇ ಇದ್ದ ಚರಿತ್ರೆಯ ಲೆಕ್ಕ ಅದು. ಅದಕ್ಕೆ ‘ಮಾದರಿ’ ಎಂಬ ಹೆಸರು ಎಷ್ಟು ಒಗ್ಗದು ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಒಪ್ಪಂದದ ಹೊರಗಿದ್ದ ದೇಶಗಳಿಗೆ ಅಗ್ಗವಾಗಿ ಹೋದ ಕಾಫಿ ಸುತ್ತುಬಳಸಿ ಸದಸ್ಯ ದೇಶಗಳ ಮಾರುಕಟ್ಟೆಗೆ ನುಗ್ಗುತ್ತಿತ್ತು. ವ್ಯಾಪಾರದ ಇಂಗ್ಲಿಷಿನಲ್ಲಿ ಅದು ‘ಟೂರಿಸ್ಟ್ ಕಾಫಿ’. ಕೊಡಗಿನಲ್ಲಿ ‘ಪ್ರವಾಸಿ ಕಾಫಿ’ ಎಂದರೆ ಮಡಿಕೇರಿಯ ಅಂಗಡಿಯ ಪುಡಿ ಪೊಟ್ಟಣ. ಆದ್ದರಿಂದ ‘ಸುತ್ತುದಾರಿಯ ಕಾಫಿ’ ಎಂದಿದ್ದೇನೆ.

ತಾನು ಪಾಲು ಕೊಡದೆ ಇತರರ ಶ್ರಮದ ಫಲ ಪಡೆಯುವ ‘ಫ್ರೀ ರೈಡರ್’ಗೆ ‘ಬಿಟ್ಟಿ ಸವಾರ’ ಎಂದು ಕೆಲವರು ಬರೆಯುತ್ತಾರೆ. ಕಾಫಿ ಉತ್ಪಾದಕ ದೇಶಗಳ ಸಂಘ ಬೆಲೆ ಏರಿಸಲೆಂದು 2000ದಲ್ಲಿ ರಫ್ತಿನ ಶೇಕಡ 20ರಷ್ಟನ್ನು ತಡೆಹಿಡಿಯಲು ಹೊರಟಾಗ ವಿಯೆಟ್ನಾಂ ಆ ಸಂಘದ ಸದಸ್ಯ ದೇಶವಾಗಿರಲಿಲ್ಲ. ಮರುವರ್ಷವೇ ಯೋಜನೆ ಬಿದ್ದುಹೋಯಿತು. ತಡೆಹಿಡಿದವರ ನಷ್ಟದಲ್ಲಿ ಹೊರಗಿನವರಿಗೂ ಲಾಭ ಎಂಬುದು ಲೆಕ್ಕ. ಆದರೆ ಒಂದು ಬಡ ದೇಶದ ರೈತರನ್ನು ಬಿಟ್ಟಿ ಎನ್ನಲು ನನ್ನ ಕೈ ಏಳದು. ‘ವಂತಿಗೆ ಕೊಡದ ಫಲಾನುಭವಿ’ ಎಂದು ಬರೆದೆ. ಉದ್ದವಾದರೂ ಸರಿಯಾಗಿದೆ, ಇದನ್ನು ಬದಲಿಸುವ ಯೋಚನೆ ಇಲ್ಲ.

ಹಾಗಾಗಿ ನಿಮ್ಮಿಂದ ಬೇಕಿರುವುದು ಮುಖ್ಯವಾಗಿ ಎರಡು: ‘ಮಾಡೆಲ್’ ಮತ್ತು ‘ಮಾರಲ್ ಹ್ಯಾಜರ್ಡ್’. ‘ಲೆಕ್ಕರೂಪ’ ಕಿವಿಗೆ ಒಗ್ಗುತ್ತದೆಯೇ, ಅಥವಾ ‘ಮಾದರಿ’ಯನ್ನೇ ಇಟ್ಟುಕೊಂಡು ‘ಲೆಕ್ಕದ ಮಾದರಿ’ ಎಂದು ಪ್ರತಿ ಸಲವೂ ಬರೆಯುವುದು ಮೇಲೇ? 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದವನು. ಬೆಲೆ, ಬಡ್ಡಿ, ಪಾಲುಗಳ ಲೆಕ್ಕ ಹೇಳುವಾಗ ‘ಹೀಗೆಂದು ಇಟ್ಟುಕೊಂಡರೆ’ ಎಂಬ ಅರ್ಥಕ್ಕೆ ಅವನು ಬಳಸಿದ ಪದ ಯಾವುದು ಎಂದು ಹಳಗನ್ನಡ ಬಲ್ಲವರು ಉದಾಹರಣೆಯ ಸಾಲಿನೊಂದಿಗೆ ತಿಳಿಸಿದರೆ ದೊಡ್ಡ ಉಪಕಾರ. ಚಿಕ್ಕಮಗಳೂರು, ಹಾಸನದ ಕಾಫಿ ಸೀಮೆಯವರು ತಮ್ಮ ಕಡೆಯ ಮಾತನ್ನೂ ಬರೆಯಿರಿ.

ವಂದನೆಗಳೊಂದಿಗೆ,
ವಿರಾಜಪೇಟೆಯಿಂದ