ಮದುವೆಗೆ ಮುನ್ನ ಬೂಡ್ವಾರ್ ಛಾಯಾಚಿತ್ರ: ಯಾವ ಉಡುಪು, ಎಂಥ ಅಲಂಕಾರ?

ಪ್ರಶ್ನೆ (ಧಾರವಾಡದ ವಧು)

ಎಲ್ಲರಿಗೂ ನಮಸ್ಕಾರ. ನನಗೆ ಇಪ್ಪತ್ತೆಂಟು ವರ್ಷ. ಮಾಘ ಮಾಸದಲ್ಲಿ ನನ್ನ ಮದುವೆ. ಅದಕ್ಕೆ ಮುನ್ನ ಬೂಡ್ವಾರ್ ಮಾದರಿಯ, ಅಂದರೆ ಕೋಣೆಯೊಳಗಿನ ಆಪ್ತ ಛಾಯಾಚಿತ್ರಗಳನ್ನು ತೆಗೆಸಿಕೊಂಡು, ಒಂದು ಸಣ್ಣ ಆಲ್ಬಮ್ ಮಾಡಿಸಿ ನನ್ನ ಭಾವಿ ಪತಿಗೆ ಕೊಡಬೇಕೆಂದಿದ್ದೇನೆ. ಹುಬ್ಬಳ್ಳಿಯ ಛಾಯಾಗ್ರಾಹಕಿಯೊಬ್ಬರು ಒಪ್ಪಿದ್ದಾರೆ. ನಮ್ಮ ಅಜ್ಜಿಯ ಹಳೆಯ ಹೆಂಚಿನ ಮನೆಯಲ್ಲಿ, ಪೂರ್ವಕ್ಕೆ ಕಿಟಕಿಯಿರುವ ಕೋಣೆಯಲ್ಲಿ ಚಿತ್ರೀಕರಣ ನಡೆಯಲಿದೆ.

ಮಾದರಿಗೆಂದು ಅವರು ಕಳುಹಿಸಿದ ಚಿತ್ರಗಳಲ್ಲೆಲ್ಲ ಬಿಳಿ ಲೇಸಿನ ಒಳಉಡುಪು, ಸ್ಯಾಟಿನ್ ನಿಲುವಂಗಿ ಮತ್ತು ಹೋಟೆಲಿನ ಬಿಳಿ ಹಾಸಿಗೆಗಳೇ ಇವೆ. ಅವು ಚೆಂದವಾಗಿಯೇ ಇವೆ, ಆದರೆ ಅವುಗಳಲ್ಲಿ ನನ್ನನ್ನು ನಾನು ಕಲ್ಪಿಸಿಕೊಳ್ಳಲಾರೆ. ಹಾಗೆಂದು ಮದುವೆಯ ಆಲ್ಬಮ್ಮನ್ನೇ ಇಲ್ಲಿಯೂ ಮತ್ತೆ ತೆಗೆಸಿದಂತಾಗಬಾರದು. ನನ್ನ ಬಳಿ ಅಜ್ಜಿಯ ಕಸೂತಿಯಿರುವ ಕಪ್ಪು ಚಂದ್ರಕಾಳಿ ಸೀರೆ, ಒಂದು ಹೊಸ ಇಳಕಲ್ ಸೀರೆ ಮತ್ತು ಎರಡು ಗುಳೇದಗುಡ್ಡದ ಖಣಗಳಿವೆ. ನನ್ನದು ಎಣ್ಣೆಗಪ್ಪು ಮೈಬಣ್ಣ. ಎಷ್ಟು ಉಡುಪುಗಳನ್ನು ಸಿದ್ಧಮಾಡಿಕೊಳ್ಳಬೇಕು, ಯಾವ ಒಡವೆ ಹಾಕಿಕೊಳ್ಳಬೇಕು, ಅರಿಷಿಣ ಮತ್ತು ಮೆಹಂದಿಗೆ ಮುನ್ನ ತೆಗೆಸುವುದೋ ಆಮೇಲೋ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಛಾಯಾಗ್ರಾಹಕಿ, ಹುಬ್ಬಳ್ಳಿ)

ತಂಗಿ, ನಿನ್ನ ಬಳಿ ಇರುವ ಬಟ್ಟೆಗಳೇ ಸಾಕು. ಹೊಸದಾಗಿ ಕೊಳ್ಳಬೇಕಾದದ್ದು ಬಹಳ ಕಡಿಮೆ. ಇಂಥ ಚಿತ್ರಗಳಲ್ಲಿ ಉಡುಪನ್ನು ಆರಿಸುವಾಗ ಅದು ಎಷ್ಟು ಮೈ ತೋರಿಸುತ್ತದೆ ಎಂಬುದಕ್ಕಿಂತ, ಅದನ್ನು ಉಟ್ಟಾಗ ನಿನ್ನ ಭುಜ ಸಡಿಲವಾಗಿ ಇಳಿಯುತ್ತದೆಯೇ, ಉಸಿರು ಸಲೀಸಾಗಿ ಆಡುತ್ತದೆಯೇ ಎಂದು ನೋಡಬೇಕು. ಮುಜುಗರವಾದಾಗ ಅದು ಮೊದಲು ಕಾಣಿಸುವುದು ಕುತ್ತಿಗೆಯಲ್ಲಿ ಮತ್ತು ಕೈಬೆರಳುಗಳಲ್ಲಿ. ಅದನ್ನು ಯಾವ ಎಡಿಟಿಂಗೂ ಮರೆಮಾಡಲಾರದು. ಆದ್ದರಿಂದ ಮೂರು ಉಡುಪುಗಳಿಗೆ ಮಿತಿಗೊಳಿಸಿಕೊ. ಬೆಳಗಿನ ಒಳ್ಳೆಯ ಬೆಳಕು ಇರುವುದೇ ಸ್ವಲ್ಪ ಹೊತ್ತು. ಅದು ಬಟ್ಟೆ ಬದಲಾಯಿಸುವುದರಲ್ಲೇ ಕಳೆದುಹೋಗಬಾರದು.

ಪೂರ್ವದ ಕಿಟಕಿಯಿಂದ ಬೆಳಿಗ್ಗೆ ನೇರ ಬಿಸಿಲು ಬೀಳುತ್ತದೆ. ಅದಕ್ಕೆ ತೆಳ್ಳಗಿನ ಬಿಳಿ ಪಂಚೆಯನ್ನು ಪರದೆಯಂತೆ ಕಟ್ಟಿದರೆ ಬೆಳಕು ಮೃದುವಾಗುತ್ತದೆ. ಅಚ್ಚ ಬಿಳಿಯ ಬಟ್ಟೆ ಬೇಡವೆಂದು ನಾನು ಹೇಳುವುದಕ್ಕೆ ಕಾರಣವಿದೆ: ಎಣ್ಣೆಗಪ್ಪು ಮೈಬಣ್ಣಕ್ಕೆ ಸರಿಯಾಗಿ ಕ್ಯಾಮೆರಾದ ಬೆಳಕನ್ನು ಹೊಂದಿಸಿದಾಗ ಕಿಟಕಿಯ ಪಕ್ಕದ ಬಿಳಿ ಬಟ್ಟೆ ಸುಟ್ಟಂತಾಗಿ, ಅದರ ನೆರಿಗೆ ಮತ್ತು ನೇಯ್ಗೆ ಅಳಿಸಿಹೋಗುತ್ತವೆ, ಬಟ್ಟೆಗೆ ಹೊಂದಿಸಿದರೆ ಮುಖ ಮಂಕಾಗುತ್ತದೆ. ಕೆನೆಬಣ್ಣ, ಸಾಸಿವೆ ಹಳದಿ ಅಥವಾ ದಾಳಿಂಬೆ ಕೆಂಪು ನಿನಗೆ ಬಹಳ ಒಪ್ಪುತ್ತದೆ. ಕಡಿಮೆ ಬೆಲೆಯ ಪಾಲಿಯೆಸ್ಟರ್ ಸ್ಯಾಟಿನ್ ಮಾತ್ರ ಬೇಡ, ಏಕೆಂದರೆ ಅದು ಪ್ರತಿ ಸುಕ್ಕಿನಲ್ಲೂ ಕಣ್ಣು ಕುಕ್ಕುವ ಬಿಳಿ ಗೆರೆಯನ್ನು ಮೂಡಿಸುತ್ತದೆ.

ಚಂದ್ರಕಾಳಿಯನ್ನು ಉಟ್ಟು ಕಪ್ಪು ಬಾಗಿಲಿನ ಮುಂದೆ ನಿಲ್ಲಬೇಡ, ಸೀರೆ ಮರದಲ್ಲಿ ಕರಗಿಹೋಗುತ್ತದೆ. ಸುಣ್ಣ ಬಳಿದ ಗೋಡೆಯ ಮುಂದೆ ಕುಳಿತು ಪಕ್ಕದಿಂದ ಬೆಳಕು ಬರುವಂತೆ ಮಾಡಿಕೊಂಡರೆ ಕಸೂತಿಯ ಒಂದೊಂದು ಹೊಲಿಗೆಯೂ ಎದ್ದು ಕಾಣುತ್ತದೆ. ಇಳಕಲ್ ಸೀರೆಯ ಮೈಯಲ್ಲಿ ಸಣ್ಣ ಚೌಕಳಿ ಇದ್ದರೆ ಮೊದಲೇ ಒಂದು ಚಿತ್ರ ತೆಗೆದು ಪರೀಕ್ಷಿಸಲು ನೀನು ಗೊತ್ತುಮಾಡಿದ ಛಾಯಾಗ್ರಾಹಕಿಗೆ ಹೇಳು. ಒತ್ತಾದ ಚೌಕಳಿಯು ಡಿಜಿಟಲ್ ಸೆನ್ಸರಿನ ಚುಕ್ಕಿಗಳ ಸಾಲಿನೊಂದಿಗೆ ತಾಕಲಾಡಿದಾಗ ಬಟ್ಟೆಯ ಮೇಲೆ ಇಲ್ಲದ ಅಲೆಗಳು, ಇಲ್ಲದ ಬಣ್ಣಗಳು ಕಾಣಿಸಿಕೊಳ್ಳುತ್ತವೆ. ಸ್ವಲ್ಪ ಹತ್ತಿರ ಬಂದರೆ, ಇಲ್ಲವೇ ಕೋನ ಬದಲಿಸಿದರೆ ಅದು ಹೋಗುತ್ತದೆ. ಆ ಸೀರೆಯ ಟೋಪ ತೆನಿ ಎಂಬ ವಿನ್ಯಾಸದ ಕೆಂಪು ಸೆರಗನ್ನು ಮುಖಕ್ಕೆ ತೀರಾ ಸಮೀಪ ಹಿಡಿದರೆ ಅದರ ಕೆಂಪು ಗಲ್ಲದ ಮೇಲೆ ಬೀಳುತ್ತದೆ ಎಂಬುದೂ ನೆನಪಿರಲಿ.

ಉತ್ತರ (ಹೊಲಿಗೆ ಮತ್ತು ಕಸೂತಿ ಕೆಲಸ, ಗದಗ-ಬೆಟಗೇರಿ)

ಮೇಲೆ ಅಕ್ಕನವರು ಬೆಳಕಿನ ವಿಚಾರ ಹೇಳಿದ್ದಾರೆ. ನಾನು ಹೊಲಿಗೆಯ ವಿಚಾರ ಹೇಳುತ್ತೇನೆ. ಖಣವು ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ. ಅದಕ್ಕೆ ಬಿಗುವಿದೆ, ಇಳಿಬೀಳುವ ಗುಣವಿಲ್ಲ. ಆದ್ದರಿಂದ ಅದರಲ್ಲಿ ನಿಲುವಂಗಿ ಹೊಲಿಸುವ ಆಸೆಯನ್ನು ಬಿಟ್ಟು, ಬೆನ್ನು ಅಗಲವಾಗಿ ತೆರೆದು ಹಿಂದೆ ಲಾಡಿ ಕಟ್ಟುವ ಕುಪ್ಪಸ ಹೊಲಿಸಿರಿ. ಅದರ ಜೊತೆಗೆ ಕೆನೆಬಣ್ಣದ ಹತ್ತಿಯ ಪರಕಾರ, ಅಂದರೆ ಲಂಗವೊಂದಿದ್ದರೆ ಸಾಕು, ಸೀರೆ ಉಡುವುದಕ್ಕೆ ಮುಂಚಿನ ಸಿಂಗಾರದ ಗಳಿಗೆ ಹಾಗೆಯೇ ಮೂಡುತ್ತದೆ. ಎಲ್ಲಿಂದಲೋ ತಂದ ಲೇಸಿಗಿಂತ ಇದು ನಿಮ್ಮ ಮನೆಯ ಕೋಣೆಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಲುವಂಗಿ ಬೇಕೇ ಬೇಕು ಎನ್ನಿಸಿದರೆ ತೆಳ್ಳಗಿನ ಮಲ್ ಬಟ್ಟೆಯಲ್ಲಿ ಹೊಲಿಸಿ, ಅಂಚಿಗೆ ಕೈಕಸೂತಿ ಹಾಕಿಸಿಕೊಳ್ಳಿ. ಗವಂತಿ ಮತ್ತು ಮುರಗಿ ಎಂಬ ಕಸೂತಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ತೆರನಾಗಿ ಕಾಣುತ್ತವೆ, ಹಿಂದೆ ಗಂಟು ಇರುವುದಿಲ್ಲ. ಕಿಟಕಿಗೆ ಬೆನ್ನು ಮಾಡಿ ನಿಂತಾಗ ಬೆಳಕು ಬಟ್ಟೆಯ ಮೂಲಕ ಹಾಯುತ್ತದಲ್ಲವೇ, ಆಗ ಯಂತ್ರದ ಕಸೂತಿಯಾದರೆ ಹಿಂಬದಿಯ ದಾರದ ಸಿಕ್ಕು, ಅಂಟಿಸಿದ ಕಾಗದ ಎಲ್ಲವೂ ನೆರಳಾಗಿ ಕಾಣುತ್ತವೆ; ಗವಂತಿಯ ಗೋಪುರವೋ ತುಳಸಿಕಟ್ಟೆಯೋ ಸ್ವಚ್ಛವಾಗಿ ಮೂಡುತ್ತದೆ. ಮೆಂಥೆ ಹೊಲಿಗೆ ದಪ್ಪ, ಅದರ ಹಿಂಬದಿ ಬೇರೆಯಾಗಿರುತ್ತದೆ. ಈ ಕೆಲಸಕ್ಕೆ ಅದನ್ನು ಬಿಡಿ. ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಬೇಗನೆ ಹೇಳಿಡಬೇಕು, ಮದುವೆಯ ಹೊತ್ತಿಗೆ ಯಾರ ಕೈಯೂ ಬಿಡುವಾಗಿರುವುದಿಲ್ಲ.

ಅಜ್ಜಿಯ ಸೀರೆಯ ಬಗ್ಗೆ ಕೈಮುಗಿದು ಒಂದು ಮಾತು ಹೇಳುತ್ತೇನೆ. ಹಳೆಯ ರೇಷ್ಮೆ ಮೊದಲು ಹರಿಯುವುದು ಮಡಿಕೆಯ ಗೆರೆಯಲ್ಲಿ. ಹಿಂದಿನ ದಿನವೇ ಬಿಚ್ಚಿ ನೆರಳಿನಲ್ಲಿ ಹರಡಿರಿ, ಸೇಫ್ಟಿ ಪಿನ್ ಚುಚ್ಚಬೇಡಿ, ಅತ್ತರು ಸಿಂಪಡಿಸಬೇಡಿ. ಮೈ ಹೊಳೆಯಲೆಂದು ಕೊಬ್ಬರಿ ಎಣ್ಣೆ ಹಚ್ಚುವುದಿದ್ದರೆ ಆ ಸೀರೆಯ ಚಿತ್ರಗಳು ಮುಗಿದ ಮೇಲೆಯೇ ಹಚ್ಚಿಕೊಳ್ಳಿ.

ಉತ್ತರ (ಗೃಹಿಣಿ, ಹಾವೇರಿ)

ನಾನೂ ನನ್ನ ಮದುವೆಗೆ ಮುನ್ನ ಇಂಥ ಚಿತ್ರಗಳನ್ನು ತೆಗೆಸಿಕೊಂಡೆ, ಇಂದಿಗೂ ಅವು ನನಗೆ ಬಹಳ ಪ್ರಿಯ. ಅರಿಷಿಣ ಹಚ್ಚುವುದಕ್ಕೆ ಮುಂಚೆಯೇ ತೆಗೆಸಿಕೊಳ್ಳಿರಿ. ಅದರ ಹಳದಿ ಉಗುರು ಮತ್ತು ಕಿವಿಯ ಸಂದಿಯಲ್ಲಿ ಉಳಿದುಬಿಡುತ್ತದೆ. ಮೆಹಂದಿಯ ಬಣ್ಣ ಹಚ್ಚಿದ ಒಂದೆರಡು ದಿನಕ್ಕೆ ಗಾಢವಾಗುತ್ತದೆ, ವಾರ ಕಳೆಯುವಷ್ಟರಲ್ಲಿ ಮಾಸತೊಡಗುತ್ತದೆ. ಹೀಗಾಗಿ ಮದುವೆಯ ಮೆಹಂದಿ ಇದಕ್ಕೆ ಒದಗುವುದಿಲ್ಲ. ಬರಿಗೈಯಲ್ಲಿ ಹಸಿರು ಬಳೆ ತೊಟ್ಟರೆ ಅದೇ ಸೊಗಸು.

ಒಡವೆಯಲ್ಲಿ ಕೈ ಹಿಡಿತವಿರಲಿ. ಪಾಟಲಿ, ಬಿಲ್ವಾರ, ಬೋರಮಾಳ, ಝುಮಕಿ ಎಲ್ಲವೂ ಮದುವೆಯ ದಿನಕ್ಕೆ ಇದ್ದೇ ಇವೆ. ಇಲ್ಲಿ ಒಂದು ಉಡುಪಿಗೆ ಒಂದೇ ಒಡವೆ ಎಂದಿಟ್ಟುಕೊಳ್ಳಿ: ಬೆನ್ನು ಕಾಣುವ ಕುಪ್ಪಸಕ್ಕೆ ಉದ್ದನೆಯ ಹೆರಳು ಮತ್ತು ಮಲ್ಲಿಗೆ, ಚಂದ್ರಕಾಳಿಗೆ ಮೂಗಿನ ನತ್ತು, ಪರಕಾರಕ್ಕೆ ಕಾಲ್ಗೆಜ್ಜೆ. ಬಿಗಿಯಾದ ಎಲಾಸ್ಟಿಕ್ ಮೈಮೇಲೆ ಗೆರೆ ಮೂಡಿಸುತ್ತದೆ, ಆದ್ದರಿಂದ ಬೆಳಗಿನಿಂದಲೇ ಸಡಿಲವಾದ ನೈಟಿಯಲ್ಲಿರಿ. ವ್ಯಾಕ್ಸಿಂಗ್ ಮಾಡಿಸುವುದಿದ್ದರೆ ಎರಡು ದಿನ ಮುಂಚೆ ಮುಗಿಸಿ.

ಪ್ರಶ್ನಿಸಿದವರಿಂದ

ನಿಮ್ಮೆಲ್ಲರಿಗೂ ಋಣಿಯಾಗಿದ್ದೇನೆ. ಖಣದ ಕುಪ್ಪಸ ಮತ್ತು ಪರಕಾರ, ಚಂದ್ರಕಾಳಿ, ಮಲ್ ನಿಲುವಂಗಿ ಎಂದು ನಿಶ್ಚಯಿಸಿದ್ದೇನೆ; ಇಳಕಲ್ ಮದುವೆಯ ಮನೆಗೇ ಇರಲಿ. ಒಂದು ಅಳುಕು ಉಳಿದಿದೆ. ಈ ಚಿತ್ರಗಳು ಬೇರೆಯವರ ಕೈಗೆ ಹೋಗದಂತೆ ಏನು ಮಾಡಬೇಕು?

ಉತ್ತರ (ಛಾಯಾಗ್ರಾಹಕಿ, ಹುಬ್ಬಳ್ಳಿ)

ಇದನ್ನು ಕೇಳಿದ್ದು ಒಳ್ಳೆಯದಾಯಿತು. ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊ: ಕೋಣೆಯಲ್ಲಿ ಯಾರು ಯಾರು ಇರುತ್ತಾರೆ, ಎಡಿಟಿಂಗ್ ಯಾರು ಮಾಡುತ್ತಾರೆ, ಆಲ್ಬಮ್ ಎಲ್ಲಿ ಮುದ್ರಣವಾಗುತ್ತದೆ, ಮೂಲ ಪ್ರತಿಗಳನ್ನು ಯಾವಾಗ ಅಳಿಸಲಾಗುತ್ತದೆ ಮತ್ತು ಇನ್‌ಸ್ಟಾಗ್ರಾಂ ಸೇರಿ ಎಲ್ಲಿಯೂ ಒಂದು ಚಿತ್ರವನ್ನೂ ಹಾಕುವುದಿಲ್ಲ ಎಂಬುದೆಲ್ಲ ಅದರಲ್ಲಿರಲಿ. ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳದೆ ಪೆನ್‌ಡ್ರೈವ್‌ನಲ್ಲಿ ಕೈಗೆ ಪಡೆದುಕೊ. ಕಾನೂನೂ ನಿನ್ನ ಬೆನ್ನಿಗಿದೆ. ತೆಗೆಯಲು ಒಪ್ಪಿದ ಮಾತ್ರಕ್ಕೆ ಹಂಚಲು ಒಪ್ಪಿದಂತಾಗುವುದಿಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮು ಹೇಳುತ್ತದೆ; ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಇ ಕಲಮಿನಂತೆ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸಿದವರಿಗೆ 3 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಒಪ್ಪಂದಕ್ಕೆ ಸಹಿ ಹಾಕಲು ಹಿಂಜರಿಯುವವರು ಎಷ್ಟೇ ಚೆನ್ನಾಗಿ ಚಿತ್ರ ತೆಗೆದರೂ ಅವರ ಬಳಿ ಹೋಗಬೇಡ. ಆ ದಿನ ನಿನ್ನ ಅಕ್ಕನನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಂಡಿರು. ಸೆರಗು ಸರಿಮಾಡಲು, ಬೆನ್ನಿನ ಲಾಡಿ ಕಟ್ಟಲು ಹೇಗೂ ಒಬ್ಬರು ಬೇಕಾಗುತ್ತಾರೆ.